ಅವನ ವಿಷಯ, ಅವನನ್ನೇ ಕೇಳೋಣ

ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಶಾಲೆಗಳಲ್ಲಿ ನಾನು ಸ್ಪೆಷಲ್ ಎಜುಕೇಟರ್. ಆಟಿಸಂ ಇರುವ ಮಕ್ಕಳ ಮನೆಗಳಿಗೂ ಹೋಗುತ್ತಿರುತ್ತೇನೆ. ಅಪ್ಪ, ಅಮ್ಮ, ಟೀಚರ್, ಥೆರಪಿಸ್ಟ್ ಎಲ್ಲರೂ ಸುತ್ತ ಕೂತು ಯಾವ ಥೆರಪಿ, ವಾರಕ್ಕೆ ಎಷ್ಟು ದಿನ, ಶಾಲೆಯಲ್ಲಿ ಯಾರ ಪಕ್ಕ ಕೂರಿಸುವುದು ಅಂತ ಗಂಟೆಗಟ್ಟಲೆ ಮಾತಾಡುತ್ತೇವೆ. ಮಗು ಮಾತ್ರ ಹೊರಗೆ ಜಗಲಿಯಲ್ಲಿರುತ್ತದೆ. ಒಳಗೆ ಕರೆಯೋಣ ಅಂದರೆ, "ಅವನಿಗೆ ಎಂತ ಗೊತ್ತಾಗ್ತದೆ ಟೀಚರೇ?" ಅನ್ನುತ್ತಾರೆ. ಪ್ರೀತಿ ಇದ್ದೇ ಹೇಳುವ ಮಾತು ಅದು. ಆದರೆ ಅವನಿಗೆ ಗೊತ್ತಾಗುತ್ತದೆ. ಹೇಳುವುದಕ್ಕೆ ದಾರಿ ಮಾಡಿಕೊಡಬೇಕು, ಅಷ್ಟೆ.

ಇದು ನನ್ನೊಬ್ಬಳ ಆಸೆ ಅಂದುಕೊಳ್ಳಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 4ನೇ ಸೆಕ್ಷನ್ ನೋಡಿ. ಅಂಗವೈಕಲ್ಯ ಇರುವ ಮಕ್ಕಳಿಗೂ ತಮಗೆ ಸಂಬಂಧಪಟ್ಟ ಎಲ್ಲ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕಿದೆ, ಅದಕ್ಕೆ ವಯಸ್ಸಿಗೂ ಅಂಗವೈಕಲ್ಯಕ್ಕೂ ತಕ್ಕ ಸಹಾಯ ಸಿಗಬೇಕು ಅಂತ ಅದರಲ್ಲಿದೆ. ಆ ಸಹಾಯ ಅನ್ನುವುದು ದಿನನಿತ್ಯದಲ್ಲಿ ಹೇಗಿರುತ್ತದೆ, ನಾನು ಮಾಡಿದ್ದನ್ನು ಹೇಳುತ್ತೇನೆ.

ಒಂಬತ್ತು ವರ್ಷದ ಒಬ್ಬ ಹುಡುಗ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯ ಥೆರಪಿ ಸೆಂಟರಿನಲ್ಲಿ ಮಲಯಾಳ. ಗಡಿನಾಡಿನ ಎಷ್ಟೋ ಮಕ್ಕಳ ಕತೆ ಇದೇ ಅಲ್ವಾ? ಮಾತು ಬಹಳ ಕಡಿಮೆ. ಸ್ಪೀಚ್ ಥೆರಪಿ ಇರುವ ದಿನ ಬೆಳಿಗ್ಗೆಯಿಂದಲೇ ಕಿರುಚಾಟ, ಕೈ ಕಚ್ಚಿಕೊಳ್ಳುವುದು. ಅವನಿಗೆ ಥೆರಪಿ ಆಗಿಬರುವುದಿಲ್ಲ ಅಂತ ಎಲ್ಲರೂ ತೀರ್ಮಾನಿಸಿದ್ದರು. ಬಿಡಿಸಬೇಕಾ, ಒತ್ತಾಯ ಮಾಡಿ ಕರೆದುಕೊಂಡು ಹೋಗಬೇಕಾ ಅನ್ನುವುದಷ್ಟೇ ಚರ್ಚೆ. ನಾನು, ಅವನನ್ನು ಕೇಳುವವರೆಗೆ ತಡೆಯಿರಿ ಅಂದೆ.

ಮೊದಲು ಫೋಟೋ ತೆಗೆದೆವು. ಇಂಟರ್ನೆಟ್ಟಿನ ಚಿತ್ರ ಆಗುವುದಿಲ್ಲ, ಅವನು ಹತ್ತುವ ಬಸ್ಸೇ ಬೇಕು, ಅವನು ಕೂರುವ ಬೆಂಚೇ ಬೇಕು. ಬಸ್ ಸ್ಟಾಪ್, ಬಸ್ಸು, ಸೆಂಟರಿನ ಮೆಟ್ಟಿಲು, ಕಾಯುವ ಕೋಣೆ, ಥೆರಪಿಸ್ಟ್, ಕನ್ನಡಿ, ಮೇಜು, ಉಯ್ಯಾಲೆ ಎಲ್ಲವನ್ನೂ ಬೇರೆಬೇರೆಯಾಗಿ ಪ್ರಿಂಟ್ ಮಾಡಿಸಿದೆವು. ಮನೆಯ ಚಾಪೆಯ ಮೇಲೆ ಮೂರು ಜಾಗ: ಇಷ್ಟ, ಅಷ್ಟಕ್ಕಷ್ಟೆ, ಬೇಡ. ಸ್ಕಾಟ್‌ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ಬೆಳೆದ 'ಟಾಕಿಂಗ್ ಮ್ಯಾಟ್ಸ್' ಅನ್ನುವ ವಿಧಾನ ಇದೆ, ನಮ್ಮದು ಅದರ ಮನೆಮಟ್ಟದ ರೂಪ. ಶುರು ಮಾಡಿದ್ದು ಉತ್ತರ ಗೊತ್ತಿರುವ ಫೋಟೋಗಳಿಂದ. ಹಲಸಿನ ಹಪ್ಪಳ ಇಷ್ಟದ ಕಡೆ ಹೋಯಿತು, ಹಾಗಲಕಾಯಿ ಬೇಡದ ಕಡೆ. ಅಲ್ಲಿಗೆ ಮೂರು ಜಾಗ ಅವನಿಗೆ ಅರ್ಥವಾಗಿದೆ ಅಂತ ಖಾತ್ರಿಯಾಯಿತು. ಈ ಹೆಜ್ಜೆ ಬಿಟ್ಟರೆ ಮುಂದಿನ ಉತ್ತರಗಳನ್ನು ನಂಬುವ ಹಾಗಿಲ್ಲ.

ಥೆರಪಿಸ್ಟ್ ಫೋಟೋ ಇಷ್ಟಕ್ಕೆ ಹೋಯಿತು. ಉಯ್ಯಾಲೆಯೂ, ಕನ್ನಡಿಯೂ ಅಲ್ಲಿಗೇ. ಮೇಜು ಅಷ್ಟಕ್ಕಷ್ಟೆ. ಬಸ್ಸಿನ ಫೋಟೋವನ್ನು ಬೇಡದ ಕಡೆ ಇಟ್ಟು, ಕವುಚಿ ಹಾಕಿ, ಮೇಲೆ ಅಂಗೈ ಒತ್ತಿ ಹಿಡಿದ. ಕಾಯುವ ಕೋಣೆಯೂ ಹಾಗೆಯೇ. ಅವನ ಅಮ್ಮ ನನ್ನ ಮುಖ ನೋಡಿದರು. ಇನ್ನೊಂದು ದಿನ ಫೋಟೋಗಳ ಕ್ರಮ ಬದಲಿಸಿ ಮತ್ತೆ ಕೇಳಿದೆ. ಅದೇ ಉತ್ತರ.

ಬಸ್ಸಿನ ಹಾರ್ನ್, ಅದರ ಮೇಲೆ ಜೋರು ಹಾಡು. ಕಾಯುವ ಕೋಣೆಯಲ್ಲಿ ಒಟ್ಟಿಗೆ ಹತ್ತಾರು ಜನ, ಮೂರು ಭಾಷೆಯ ಗಲಾಟೆ. ಈಗ ಅಪ್ಪ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಕರೆಯುವವರೆಗೆ ಹೊರಗೆ ಮಾವಿನ ಮರದಡಿ ನಿಲ್ಲುತ್ತಾರೆ. ಕಿರುಚಾಟ ಪೂರ್ತಿ ನಿಂತಿದೆ ಅಂತ ಹೇಳುವುದಿಲ್ಲ. ಮಳೆಗಾಲದಲ್ಲಿ ಬಸ್ಸೇ ಗತಿ. ಆಗ ಹೆಡ್‌ಫೋನ್, ಅವನೇ ಫೋಟೋ ನೋಡಿ ಆರಿಸಿದ ಸೀಟು. ಥೆರಪಿ ಅಂತೂ ಬಿಡಲಿಲ್ಲ.

ಬಾಯಲ್ಲಿ ಕೇಳುವಾಗ ಒಂದು ಎಚ್ಚರ ಬೇಕು. ಕೇಳಿದ ಮಾತನ್ನೇ ತಿರುಗಿ ಹೇಳುವ ಮಕ್ಕಳು ಜಾಸ್ತಿ. "ಚಹಾ ಬೇಕಾ, ಹಾಲು ಬೇಕಾ?" ಅಂದರೆ "ಹಾಲು ಬೇಕಾ" ಅನ್ನುತ್ತಾರೆ. ತಿರುಗಿಸಿ ಕೇಳಿದರೆ ಚಹಾ ಅನ್ನುತ್ತಾರೆ. ಅದನ್ನು ಉತ್ತರ ಅಂತ ಹಿಡಿಯಬೇಡಿ, ಎರಡೂ ಲೋಟ ಮುಂದಿಡಿ. ಮನೆ ಭಾಷೆಯಲ್ಲೇ ಕೇಳಿ. ಕೇಳಿದ ಮೇಲೆ ಸುಮ್ನೆ ಇರಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ನಡುವೆ ಮತ್ತೆ ಮತ್ತೆ ಕೇಳಿದರೆ ಮಗು ಮೊದಲಿಂದ ಯೋಚಿಸಬೇಕಾಗುತ್ತದೆ.

ಎಲ್ಲವನ್ನೂ ಮಗುವಿಗೇ ಬಿಡುವುದಾ ಅಂತ ಅಜ್ಜಿಯಂದಿರು ಕೇಳುತ್ತಾರೆ. ಇಲ್ಲ. ಫಿಟ್ಸ್ ಮಾತ್ರೆ ಬಿಡುವ ಹಾಗಿಲ್ಲ. ಹಾಗಾಗಿ "ಮಾತ್ರೆ ತಗೊಳ್ತೀಯಾ?" ಅಂತ ಕೇಳಲೇಬಾರದು. ಬೇಡ ಅಂದ ಮೇಲೂ ಬಾಯಿಗೆ ತುರುಕಿದರೆ ನಮ್ಮ ಪ್ರಶ್ನೆಗಳ ಮೇಲೆ ಅವನಿಗೆ ನಂಬಿಕೆ ಹೋಗುತ್ತದೆ. ಈಗ ಮಾತ್ರೆಯ ಹೊತ್ತು ಅಂತ ಚಿತ್ರ ತೋರಿಸಿ, ಯಾವ ಲೋಟ, ಎಲ್ಲಿ ಕೂತು ಅನ್ನುವುದನ್ನು ಅವನಿಗೆ ಬಿಡಿ. ನಾನು ಪಾಠ ಮಾಡುವಾಗ 'ಸಾಕು' ಅನ್ನುವ ಕಾರ್ಡ್ ಮೇಜಿನ ಮೇಲೆ ಇರುತ್ತದೆ. ಮಗು ಅದನ್ನು ಮುಟ್ಟಿದ ತಕ್ಷಣ ನಿಲ್ಲಿಸುತ್ತೇನೆ. ಶುರುವಿನಲ್ಲಿ ಕೂತ ಕೂಡಲೇ ಮುಟ್ಟುತ್ತಾರೆ, ಮನೆಯವರು ಕಳ್ಳಾಟ ಅನ್ನುತ್ತಾರೆ. ನಿಜವಾಗಿ ನಿಲ್ಲಿಸುತ್ತಾರಾ ಅಂತ ಪರೀಕ್ಷೆ ಅದು. ನಿಲ್ಲಿಸುತ್ತಾ ಹೋದರೆ ಕಾರ್ಡ್ ಮುಟ್ಟುವುದು ತಾನಾಗಿ ಕಡಿಮೆಯಾಗುತ್ತದೆ.

ದೊಡ್ಡ ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹದಿನೈದರ ಒಬ್ಬ ಹುಡುಗಿ ಮೊಬೈಲಿನಲ್ಲಿ ಟೈಪ್ ಮಾಡುತ್ತಾಳೆ. ಮುಟ್ಟಿನ ದಿನಗಳಲ್ಲಿ ಯಾರು ಸಹಾಯ ಮಾಡಬೇಕು ಅಂತ ಕೇಳಿದೆವು. "ಅಮ್ಮ ಮಾತ್ರ. ಚಿಕ್ಕಮ್ಮ ಬೇಡ. ಬಾಗಿಲು ಹಾಕಿ" ಅಂತ ಬರೆದಳು. ಅಷ್ಟು ವರ್ಷ ಆ ಬಾಗಿಲು ತೆರೆದೇ ಇರುತ್ತಿತ್ತು. ಚಿಕ್ಕಮ್ಮನಿಗೆ ಬೇಜಾರಾಯಿತು, ಆದರೂ ಒಪ್ಪಿಕೊಂಡರು.

ಮಕ್ಕಳಿಗೆ 18 ತುಂಬುವ ಹೊತ್ತಿಗೆ ಆಟಿಸಂನಂಥ ಅಂಗವೈಕಲ್ಯ ಇರುವವರಿಗಾಗಿ ಇರುವ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಗಾರ್ಡಿಯನ್, ಅಂದರೆ ಕಾನೂನು ಪ್ರಕಾರದ ಪೋಷಕರು, ಆಗಲು ಅರ್ಜಿ ಹಾಕುವ ಬಗ್ಗೆ ಹೆತ್ತವರು ವಿಚಾರಿಸುತ್ತಾರೆ. ಅರ್ಜಿ ಬರೆಯುವ ಮೊದಲು ಅದೇ ಚಾಪೆ ಹಾಸಿ, ಮನೆಯವರೆಲ್ಲರ ಫೋಟೋ ಇಟ್ಟು, ಯಾರ ಜೊತೆ ಇರಲು ಇಷ್ಟ ಅಂತ ಕೇಳಿ ಅನ್ನುತ್ತೇನೆ. ಮಗು ಮಾಡಿದ ಜೋಡಣೆಯ ಫೋಟೋ ತೆಗೆದು, ತಾರೀಕು ಹಾಕಿ ಫೈಲಿನಲ್ಲಿಡಿ. ಕೆಲವು ತಿಂಗಳು ಬಿಟ್ಟು ಮತ್ತೆ ಕೇಳಿ. ನಮ್ಮ ಹಾಗೆ ಅವರ ಮನಸ್ಸೂ ಬದಲಾಗುತ್ತದೆ.