ಮಳೆಗಾಲದ ಜುಕೋ: ಅರವತ್ತು ದಾಟಿದ ಆರು ಮಂದಿಯೊಂದಿಗೆ

ಜೂನ್ ಕೊನೆಯ ವಾರದಲ್ಲಿ, ಅದೂ ಅರವತ್ತು ದಾಟಿದ ಆರು ಮಂದಿಯನ್ನು ಕರೆದುಕೊಂಡು ನಾಗಾಲ್ಯಾಂಡಿನ ಜುಕೋ ಕಣಿವೆಗೆ ಹೋಗುತ್ತೇನೆ ಎಂದಾಗ, ನನ್ನೊಡನೆ ವರ್ಷಗಟ್ಟಲೆ ಕುಮಾರಪರ್ವತ, ಕುದುರೆಮುಖ ಹತ್ತಿದವರೇ ತಲೆಯಾಡಿಸಿದರು. ಡಿಸೆಂಬರಿನಲ್ಲಿ ಹೋದರೆ ಹಾರ್ನ್‌ಬಿಲ್ ಉತ್ಸವವೂ ಸಿಗುತ್ತದೆ ಎಂದರು ಒಬ್ಬರು. ಮಂಡಿ ಕೈಕೊಟ್ಟರೆ ಹೊತ್ತು ತರುವವರು ಯಾರು ಎಂದರು ಇನ್ನೊಬ್ಬರು. ಆರೂ ಮಂದಿ ಹತ್ತಿದರು, ಲಿಲ್ಲಿ ಹೂ ನೋಡಿದರು, ತಮ್ಮ ಕಾಲಿನಲ್ಲೇ ಇಳಿದು ಬಂದರು.

ಇದು ನನ್ನ ಮೂರನೆಯ ಸಲ. ಮೊದಲ ಸಲ ಜೀಪಿನ ಏಜೆಂಟರೊಬ್ಬರಿಗೆ ಸುಮಾರು ಎಂಟು ಸಾವಿರ ಮುಂಗಡ ಕೊಟ್ಟು ಕಳೆದುಕೊಂಡೆ. ಸಾಲದ್ದಕ್ಕೆ ಶನಿವಾರ ರಾತ್ರಿ ಕೊಹಿಮಾ ತಲುಪಿದ್ದೆ. ಭಾನುವಾರ ಅಲ್ಲಿ ಊರೆಲ್ಲ ಚರ್ಚಿನಲ್ಲಿ, ಅಂಗಡಿಯಿಲ್ಲ, ಟ್ಯಾಕ್ಸಿಯಿಲ್ಲ. ಒಂದು ದಿನದ ಕೋಣೆ ಬಾಡಿಗೆ ವ್ಯರ್ಥವಾಯಿತು. ಎರಡನೆಯ ಸಲ ಜಖಾಮಾ ಕಡೆಯ ಕಡಿದಾದ ದಾರಿ ಹಿಡಿದು, ಕಣಿವೆಯ ಗುಹೆಯಲ್ಲೇ ಮಲಗಬೇಕೆಂದು ಹಟ ಮಾಡಿದೆ. ಬಂಡೆಯ ಸೂರು ಗಟ್ಟಿಯಾಗಿತ್ತು, ಆದರೆ ಗೋಡೆಯಲ್ಲಿ ನೀರು ಜಿನುಗುತ್ತಿತ್ತು, ಹಸಿ ಸೌದೆಯ ಹೊಗೆಗೆ ದಾರಿಯಿರಲಿಲ್ಲ. ಇಬ್ಬರಿಗೆ ಜ್ವರ ಬಂತು. ಔಷಧಿ, ಹೆಚ್ಚುವರಿ ಜೀಪು ಸೇರಿ ತಲೆಗೆ ಇಪ್ಪತ್ತೆರಡು ಸಾವಿರದ ಹತ್ತಿರ ಖರ್ಚಾಯಿತು. ಈ ಸಲ ರೈಲಿನ ಟಿಕೆಟ್ ಬಿಟ್ಟು ಹದಿನಾರು ಸಾವಿರದೊಳಗೆ ಮುಗಿಯಿತು.

ಬದಲಿಸಿದ್ದು ಮುಖ್ಯವಾಗಿ ಕ್ರಮವನ್ನು. ಎಲ್ಲರೂ ಕೊಹಿಮಾದಲ್ಲಿರುವ ಎರಡನೆಯ ಮಹಾಯುದ್ಧದ ಸ್ಮಶಾನವನ್ನು ಮೊದಲ ದಿನವೇ ಅರ್ಧ ಗಂಟೆಯಲ್ಲಿ ನೋಡಿ ಮುಗಿಸುತ್ತಾರೆ. ನಾನು ಅದನ್ನು ಕೊನೆಗಿಟ್ಟೆ. ಮೊದಲು ಖೊನೊಮಾ, ಎರಡು ರಾತ್ರಿ. ಅಂಗಾಮಿ ನಾಗರ ಈ ಊರಿನಲ್ಲಿ ಇಳಿಜಾರು, ಮೆಟ್ಟಿಲು ಬಿಟ್ಟರೆ ಬೇರೆ ದಾರಿಯೇ ಇಲ್ಲ. ಗದ್ದೆಗೆ ಇಳಿದು ಮನೆಗೆ ಹತ್ತಿದರೆ ಸಾಕು, ಬೇರೆ ಅಭ್ಯಾಸ ಬೇಡ. ಸೆಮೋಮಾ ಕೋಟೆಯವರೆಗೆ ನಿಧಾನವಾಗಿ ನಡೆಸಿದೆ. 1879ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದು, ತಿಂಗಳುಗಟ್ಟಲೆ ಮುತ್ತಿಗೆಯನ್ನು ತಡೆದ ಊರು ಇದು. ಅಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ಸ್ಮಾರಕವನ್ನೂ ಊರಿನವರು ಉಳಿಸಿಕೊಂಡಿದ್ದಾರೆ. ಬೇಟೆಯೇ ಬದುಕಾಗಿದ್ದವರು 1998ರಲ್ಲಿ ತಾವೇ ಬೇಟೆ ನಿಲ್ಲಿಸಿ ಟ್ರಾಗೊಪಾನ್ ಹಕ್ಕಿಗಾಗಿ ಕಾಡು ಬಿಟ್ಟುಕೊಟ್ಟದ್ದನ್ನು ನಮ್ಮ ಕಡೆಯ ಊರುಗಳಲ್ಲಿ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಆ ಕಾಡಿನಲ್ಲೇ ಒಂದು ಪ್ರಯೋಗವನ್ನೂ ಮಾಡಿದೆ. ಇಂಬಳಕ್ಕೆ ಒಬ್ಬೊಬ್ಬರ ಒಂದು ಕಾಲಿಗೆ ಬೇವಿನೆಣ್ಣೆ, ಇನ್ನೊಂದಕ್ಕೆ ನಮ್ಮ ಮಲೆನಾಡಿನ ಸುಣ್ಣ-ಹೊಗೆಸೊಪ್ಪು. ಮಳೆ ಬಿದ್ದ ಅರ್ಧ ಗಂಟೆಗೆ ಬೇವಿನೆಣ್ಣೆ ತೊಳೆದುಹೋಯಿತು. ಸುಣ್ಣ-ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಕಾಲುಚೀಲದ ಅಂಚಿಗೆ ಸಿಕ್ಕಿಸಿದ್ದು ಸಂಜೆಯವರೆಗೂ ಕೆಲಸ ಮಾಡಿತು.

ಮೂರನೆಯ ದಿನ ವಿಸ್ವೇಮಾ ಕಡೆಯಿಂದ ಹತ್ತಿದೆವು. ಜೀಪು ಬಿಟ್ಟ ಮೇಲೆ ಒಂದು ಗಂಟೆ ಕಲ್ಲಿನ ಮೆಟ್ಟಿಲು ಉಸಿರು ಕಟ್ಟಿಸುತ್ತದೆ. ನಮಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಗಿಡ್ಡ ಬಿದಿರಿನ ನಡುವೆ ಹೆಚ್ಚುಕಡಿಮೆ ಸಮತಟ್ಟು ದಾರಿ. ಅಲ್ಲಿ ನಾಲ್ಕೂವರೆಗೇ ಬೆಳಗಾಗುತ್ತದೆ. ಐದಕ್ಕೆ ಹೊರಟರೆ ಆತುರವೇ ಇಲ್ಲ. ಮಳೆಯ ಬಿಡುವು ಯಾವ ದಿನ ಸಿಗುತ್ತದೆ ಎಂದು ಹೇಳುವ ಗುರುತೊಂದನ್ನು ಖೊನೊಮಾದ ಹಿರಿಯರೊಬ್ಬರು ಕಲಿಸಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರ ಮನೆಯಲ್ಲಿ ಉಳಿದು ಕೇಳಿ ಕಲಿಯಬೇಕು. ರಾತ್ರಿಗೆ ವಿಶ್ರಾಂತಿಗೃಹ, ಬಾಡಿಗೆಯ ಕಂಬಳಿ. ಗುಹೆಯನ್ನು ಮಧ್ಯಾಹ್ನದ ಊಟಕ್ಕೆ ಮಾತ್ರ ಬಳಸಿದೆವು. ಮಳೆ ಹೊರಗೆ ಸುರಿಯುತ್ತಿರುವಾಗ ಒಳಗೆ ಗೊಜ್ಜವಲಕ್ಕಿ ತಣ್ಣೀರಿನಲ್ಲಿ ನೆನೆಯಿತು. ಒಲೆ ಹೊರುವ ಅಗತ್ಯವೇ ಬೀಳಲಿಲ್ಲ. ದಾರಿಯ ಊಟಕ್ಕೆಂದು ತಲೆಗೆ ಒಂದು ಕೆಜಿ ಗೊಜ್ಜವಲಕ್ಕಿ ಪುಡಿ ಒಯ್ದಿದ್ದೆ, ಮುಕ್ಕಾಲು ಸಾಕು.

ಇಳಿಯುವಾಗ ಕೆಸರಿನಲ್ಲಿ ಎಲ್ಲರೂ ಒಂದೆರಡು ಸಲ ಜಾರಿದರು. ಮರುದಿನ ಅದೇ ಕೆಸರು ಬೂಟಿಗೆ ಅಂಟಿಕೊಂಡಿರುವಾಗಲೇ ಕೊಹಿಮಾದ ಸ್ಮಶಾನಕ್ಕೆ ಕರೆದೊಯ್ದೆ. 1944ರ ಏಪ್ರಿಲ್ 4ರಿಂದ ಜೂನ್ 22ರವರೆಗೆ ಇಲ್ಲಿ ಕಾದಾಡಿದವರು ಇದೇ ಮಳೆಯಲ್ಲಿ, ಇಂಥದೇ ಇಳಿಜಾರಿನಲ್ಲಿದ್ದರು ಎಂದು ನಾನು ವಿವರಿಸಬೇಕಾಗಲಿಲ್ಲ. ಜಿಲ್ಲಾಧಿಕಾರಿಯ ಬಂಗಲೆಯ ಟೆನಿಸ್ ಅಂಕಣದ ಗೆರೆಗಳನ್ನು ಕಾಂಕ್ರೀಟಿನಲ್ಲಿ ಉಳಿಸಿದ್ದಾರೆ. ಬ್ರಿಟಿಷ್-ಭಾರತೀಯ ಸೈನ್ಯ, ಜಪಾನಿ ಸೈನ್ಯ ಎರಡೂ ಆ ಅಗಲದ ಆಚೀಚೆ ನಿಂತು ಗ್ರೆನೇಡ್ ಎಸೆದವು. ನಮ್ಮಲ್ಲಿ ಒಬ್ಬರು ಅದನ್ನು ಹೆಜ್ಜೆಯಲ್ಲಿ ಅಳೆದು ಸುಮ್ಮನೆ ನಿಂತುಬಿಟ್ಟರು.

ಗುಂಪಿನಲ್ಲಿ ಕೊಡಗಿನ ನಿವೃತ್ತ ಸುಬೇದಾರರೊಬ್ಬರಿದ್ದರು. 1,420 ಸಮಾಧಿಗಳ ಸಾಲು ದಾಟಿ ಅವರು ನೇರ ಮೇಲಕ್ಕೆ, ಇಲ್ಲೇ ದಹನಗೊಂಡ 917 ಹಿಂದೂ, ಸಿಖ್ ಸೈನಿಕರ ಸ್ಮಾರಕಕ್ಕೆ ಹೋದರು. ಹೆಸರುಗಳನ್ನು ಒಂದೊಂದಾಗಿ ಓದತೊಡಗಿದರು. ನಾನು ಮೂರು ಗಂಟೆ ಇಟ್ಟಿದ್ದೆ; ಅರ್ಧವೂ ಮುಗಿಯಲಿಲ್ಲ. ಮುಂದಿನ ಜೂನ್‌ಗೆ ಅಲ್ಲಿಗೊಂದು ಪೂರ್ತಿ ದಿನ ಇಟ್ಟಿದ್ದೇನೆ, ಜೀಪಿನವರಿಗೂ ಹೇಳಿಯಾಗಿದೆ.