ಕ್ರಿಟ್ ನೂರಕ್ಕೆ ನಿಂತ ಮೇಲೆ ಮುಂದೇನು? ಶತ್ರುವಿನ ಡಿಬಫ್ ನೋಡಿ ಬಿಲ್ಡ್ ಮಾಡುವ ಬಗೆ

ಕ್ರಿಟ್ ಅಂದರೆ ಮಾಮೂಲಿಗಿಂತ ಜೋರಾಗಿ ಬೀಳುವ ಏಟು, ಕ್ರಿಟ್ ರೇಟ್ ಅಂದರೆ ಅದು ಬೀಳುವ ಸಾಧ್ಯತೆ. ಡಿಬಫ್ ಅಂದರೆ ಶತ್ರುವನ್ನು ದುರ್ಬಲಗೊಳಿಸುವ ಪರಿಣಾಮ, ಬಿಲ್ಡ್ ಅಂದರೆ ಪಾತ್ರಕ್ಕೆ ಸಾಮಗ್ರಿ ಜೋಡಿಸುವ ಬಗೆ. ಕ್ಯಾರೆಕ್ಟರ್ ಪರದೆಯಲ್ಲಿ ಕಾಣುವ ಕ್ರಿಟ್ ರೇಟ್ ಬೇರೆ, ಏಟು ಬೀಳುವಾಗ ಲೆಕ್ಕಕ್ಕೆ ಬರುವ ಕ್ರಿಟ್ ರೇಟ್ ಬೇರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ವಾರಗಟ್ಟಲೆ ಆರ್ಟಿಫ್ಯಾಕ್ಟ್ (ಪಾತ್ರಕ್ಕೆ ತೊಡಿಸುವ, ಬಲ ಏರಿಸುವ ವಸ್ತು) ಹುಡುಕುತ್ತಾರೆ, ಪರದೆಯಲ್ಲಿ ಶೇ 80 ಕ್ರಿಟ್ ಕಂಡು ಖುಷಿಪಡುತ್ತಾರೆ, ಆದರೆ ಅದರಲ್ಲಿ ದೊಡ್ಡ ಪಾಲು ಸುಮ್ನೆ ಪೋಲಾಗುತ್ತಿರುತ್ತದೆ. ಕ್ರಿಟ್ ರೇಟ್ ನೂರಕ್ಕೆ ನಿಲ್ಲುತ್ತದೆ. ಅದರಾಚೆಗೆ ಹಾಕಿದ ಒಂದೊಂದು ಅಂಕವೂ ವ್ಯರ್ಥ. ಆ ನೂರರಲ್ಲಿ ನಿಮ್ಮ ಪಾಲೆಷ್ಟು, ಶತ್ರುವಿನ ಸ್ಥಿತಿಯಿಂದ ಸಿಗುವ ಪಾಲೆಷ್ಟು ಎಂದು ಬಿಡಿಸಿ ನೋಡಿದರೆ ಅದೇ ಆರ್ಟಿಫ್ಯಾಕ್ಟ್‌ಗಳಿಂದ ಜಾಸ್ತಿ ಡ್ಯಾಮೇಜ್ ತೆಗೆಯಬಹುದು.

ಉದಾಹರಣೆಗೆ ಗೆನ್‌ಶಿನ್ ಇಂಪ್ಯಾಕ್ಟ್ ಆಟವನ್ನೇ ತೆಗೆದುಕೊಳ್ಳುತ್ತೇನೆ. 2020ರ ಸೆಪ್ಟೆಂಬರ್‌ನಲ್ಲಿ ಬಂದ ಈ ಆಟದ ಡ್ಯಾಮೇಜ್ ಸೂತ್ರವನ್ನು ಆಟಗಾರರು ಎಳೆ ಎಳೆಯಾಗಿ ಬಿಡಿಸಿಟ್ಟಿದ್ದಾರೆ, ಹಾಗಾಗಿ ಊಹೆಯ ಮೇಲೆ ಬಿಲ್ಡ್ ಮಾಡುವ ಅಗತ್ಯವಿಲ್ಲ. ಒಂದು ಕ್ಯಾಲ್ಕುಲೇಟರ್ ಹತ್ತಿರ ಇಟ್ಟುಕೊಳ್ಳಿ, ಸಾಕು.

ಮೊದಲ ಹೆಜ್ಜೆ: ಸರಾಸರಿ ಲೆಕ್ಕ

ಎಲ್ಲಾ ಪಾತ್ರಗಳಿಗೂ ಶುರುವಿನಲ್ಲಿ ಕ್ರಿಟ್ ರೇಟ್ ಶೇ 5, ಕ್ರಿಟ್ ಡ್ಯಾಮೇಜ್ (ಕ್ರಿಟ್ ಆದಾಗ ಸೇರುವ ಹೆಚ್ಚುವರಿ ಏಟು) ಶೇ 50 ಇರುತ್ತದೆ. ಸರಾಸರಿ ಏಟು ಎಷ್ಟು ಪಟ್ಟು ಎಂದು ತಿಳಿಯಲು ಕ್ರಿಟ್ ರೇಟ್‌ನಿಂದ ಕ್ರಿಟ್ ಡ್ಯಾಮೇಜ್ ಅನ್ನು ಗುಣಿಸಿ, ಅದಕ್ಕೆ 1 ಸೇರಿಸಿ. ರೇಟ್ ಶೇ 60, ಡ್ಯಾಮೇಜ್ ಶೇ 140 ಇದ್ದರೆ 0.6 ಗುಣಿಸು 1.4, ಅಂದರೆ 0.84. ಒಂದು ಸೇರಿಸಿದರೆ 1.84. ಕ್ರಿಟ್ ಇಲ್ಲದ ಏಟು 10,000 ಆದರೆ ಸರಾಸರಿ 18,400.

ಇನ್ನೊಂದು ವಿಷಯ ನೆನಪಿರಲಿ. ಆರ್ಟಿಫ್ಯಾಕ್ಟ್‌ನಲ್ಲಿ ಕ್ರಿಟ್ ರೇಟ್ ಒಂದು ಬಂದರೆ ಕ್ರಿಟ್ ಡ್ಯಾಮೇಜ್ ಎರಡು ಬರುತ್ತದೆ. ಆರ್ಟಿಫ್ಯಾಕ್ಟ್‌ಗಳಲ್ಲಿ ಒಂದಾದ ಕಿರೀಟದ ಮುಖ್ಯ ಸ್ಟ್ಯಾಟ್ ನೋಡಿ, ರೇಟ್ ಆದರೆ ಶೇ 31.1, ಡ್ಯಾಮೇಜ್ ಆದರೆ ಶೇ 62.2. ಅಂದರೆ ನೂರರ ಆಚೆಗೆ ಪೋಲಾದ 20 ಅಂಕ ರೇಟ್, ನಿಜಕ್ಕೂ ನೀವು ಕಳೆದುಕೊಂಡ 40 ಅಂಕ ಕ್ರಿಟ್ ಡ್ಯಾಮೇಜ್.

ಎರಡನೇ ಹೆಜ್ಜೆ: ಶತ್ರುವಿನಿಂದ ಬರುವ ಕ್ರಿಟ್ ಮೊದಲು ಎಣಿಸಿ

ಇಡೀ ಲೇಖನದಲ್ಲಿ ಮುಖ್ಯವಾದದ್ದು ಇದೇ, ನಿಧಾನವಾಗಿ ನೋಡೋಣ. ಕೆಲವು ಬೋನಸ್‌ಗಳು ನಿಮ್ಮ ಪಾತ್ರದ ಪರದೆಯಲ್ಲಿ ಕಾಣುವುದೇ ಇಲ್ಲ, ಯಾಕೆಂದರೆ ಅವು ಶತ್ರು ಯಾವ ಸ್ಥಿತಿಯಲ್ಲಿದ್ದಾನೆ ಎಂಬುದರ ಮೇಲೆ ನಿಂತಿವೆ. ಬ್ಲಿಝರ್ಡ್ ಸ್ಟ್ರೇಯರ್ ಎಂಬ ಆರ್ಟಿಫ್ಯಾಕ್ಟ್ ಸೆಟ್‌ನ ನಾಲ್ಕು ತುಂಡು ಹಾಕಿಕೊಂಡರೆ, ಮೈಮೇಲೆ ಕ್ರಯೋ, ಅಂದರೆ ಮಂಜಿನ ಅಂಶ, ಹತ್ತಿರುವ ಶತ್ರುವಿಗೆ ಹೊಡೆಯುವಾಗ ಕ್ರಿಟ್ ರೇಟ್ ಶೇ 20 ಏರುತ್ತದೆ. ಶತ್ರು ಪೂರ್ತಿ ಫ್ರೀಜ್ ಆಗಿದ್ದರೆ, ಅಂದರೆ ನೀರಿನ ಮೇಲೆ ಕ್ರಯೋ ಬಿದ್ದು ಹೆಪ್ಪುಗಟ್ಟಿದ್ದರೆ, ಇನ್ನೂ ಶೇ 20. ಟೀಮ್‌ನಲ್ಲಿ ಇಬ್ಬರು ಕ್ರಯೋ ಪಾತ್ರಗಳಿದ್ದರೆ ರೆಸೊನೆನ್ಸ್‌ನಿಂದ ಮತ್ತೆ ಶೇ 15, ಅದೂ ಕ್ರಯೋ ಹತ್ತಿದ ಅಥವಾ ಫ್ರೀಜ್ ಆದ ಶತ್ರುವಿನ ಮೇಲೆ ಮಾತ್ರ.

ಕೂಡಿದರೆ 55. ಪರದೆಯಲ್ಲಿ ಕಾಣದ 55!

ಈಗ ಅಯಾಕಾ ಎಂಬ ಕ್ರಯೋ ಪಾತ್ರವನ್ನು ಇಟ್ಟುಕೊಂಡು ಮೂರು ಬಿಲ್ಡ್ ಹೋಲಿಸೋಣ. ಮೂರೂ ಒಂದೇ ಗುಣಮಟ್ಟದ ಆರ್ಟಿಫ್ಯಾಕ್ಟ್‌ಗಳು, ರೇಟ್ ಕಡಿಮೆ ಮಾಡಿದಷ್ಟೂ ಡ್ಯಾಮೇಜ್ ಎರಡರಷ್ಟು ಏರಿಸಿದ್ದು. ಒಂದನೆಯದು ರೇಟ್ 65, ಡ್ಯಾಮೇಜ್ 180. ಎರಡನೆಯದು 55 ಮತ್ತು 200. ಮೂರನೆಯದು 45 ಮತ್ತು 220. ಪರದೆ ನೋಡಿದರೆ ಯಾರಾದರೂ ಮೊದಲನೆಯದನ್ನೇ ಭದ್ರ ಅನ್ನುತ್ತಾರೆ.

ಫ್ರೀಜ್ ಆದ ಶತ್ರುವಿನ ಮೇಲೆ 55 ಸೇರಿಸಿ. ಮೊದಲ ಬಿಲ್ಡ್ 120 ಆಗುತ್ತದೆ, ಅದರಲ್ಲಿ 20 ವ್ಯರ್ಥ, ಸರಾಸರಿ 2.8 ಪಟ್ಟು. ಎರಡನೆಯದು 110, ಅಲ್ಲಿ 10 ವ್ಯರ್ಥ, ಸರಾಸರಿ 3 ಪಟ್ಟು. ಮೂರನೆಯದು ಸರಿಯಾಗಿ 100ಕ್ಕೆ ನಿಲ್ಲುತ್ತದೆ, 3.2 ಪಟ್ಟು. ಮೊದಲನೆಯದಕ್ಕೂ ಮೂರನೆಯದಕ್ಕೂ ಶೇ 14ಕ್ಕಿಂತ ಜಾಸ್ತಿ ವ್ಯತ್ಯಾಸ. ಒಂದೇ ಒಂದು ಹೊಸ ಆಯುಧ ತೆಗೆದುಕೊಳ್ಳದೆ, ಬರೀ ಲೆಕ್ಕ ಸರಿಮಾಡಿ ಸಿಕ್ಕಿದ್ದು ಇದು.

ಮೂರನೇ ಹೆಜ್ಜೆ: ಫ್ರೀಜ್ ಆಗದ ಬಾಸ್ ಬಂದರೆ?

ದೊಡ್ಡ ಬಾಸ್‌ಗಳು ಸಾಮಾನ್ಯವಾಗಿ ಫ್ರೀಜ್ ಆಗುವುದಿಲ್ಲ. ಆಗ ಫ್ರೀಜ್ ಆದರೆ ಸಿಗುತ್ತಿದ್ದ ಶೇ 20 ಕೈಬಿಡುತ್ತದೆ, 55ರ ಜಾಗದಲ್ಲಿ 35 ಮಾತ್ರ ಉಳಿಯುತ್ತದೆ. ಮತ್ತೆ ಲೆಕ್ಕ ಹಾಕಿ. ಮೊದಲ ಬಿಲ್ಡ್ 100, ಸರಾಸರಿ 2.8. ಎರಡನೆಯದು 90, ಸರಾಸರಿ 2.8. ಮೂರನೆಯದು 80, ಸರಾಸರಿ 2.76.

ನೋಡಿದಿರಾ? ಬಾಸ್ ಮುಂದೆ ಮೂರೂ ಹತ್ತಿರ ಹತ್ತಿರ ಒಂದೇ. ಫ್ರೀಜ್ ಆಗುವವರ ಮುಂದೆ ಮಾತ್ರ ದೊಡ್ಡ ಅಂತರ. ಹೀಗಿರುವಾಗ ಬಾಸ್‌ಗೆ ಬೇಕೆಂದು 65 ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ, 45ರಿಂದ 55ರ ಒಳಗೆ ನಿಲ್ಲುವುದೇ ಒಳ್ಳೆಯದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬಾಸ್ ಮೇಲೂ ಹೆಚ್ಚಿನ ಏಟು ಕ್ರಿಟ್ ಆಗಬೇಕು, ಸರಾಸರಿಯ ಮೇಲೆ ನಂಬಿಕೆ ಇಲ್ಲ ಅನ್ನುವವರು 55 ಇಟ್ಟುಕೊಳ್ಳಲಿ. ಆದರೆ ಅದೇ ಅಯಾಕಾಳನ್ನು ಬ್ಲಿಝರ್ಡ್ ಸೆಟ್ ಇಲ್ಲದೆ, ಇನ್ನೊಬ್ಬ ಕ್ರಯೋ ಪಾತ್ರ ಇಲ್ಲದೆ ಆಡಿಸಿದರೆ ಕಥೆ ತಿರುಗುತ್ತದೆ. ಆಗ ಮೂರನೇ ಬಿಲ್ಡ್ 1.99 ಪಟ್ಟಿಗೆ ಇಳಿಯುತ್ತದೆ, ಮೊದಲನೆಯದು 2.17ರಲ್ಲಿ ಇರುತ್ತದೆ. ಬಿಲ್ಡ್ ಯಾವಾಗಲೂ ಟೀಮ್ ಜೊತೆಗೇ ಬರುವಂಥದ್ದು, ಒಂಟಿ ಪಾತ್ರಕ್ಕೆ ಬಿಲ್ಡ್ ಅಂತ ಇಲ್ಲ.

ಟೀಮ್‌ನಲ್ಲಿ ಕ್ಲೇಮೋರ್, ಅಂದರೆ ಎರಡು ಕೈಯ ದೊಡ್ಡ ಕತ್ತಿ, ಹಿಡಿದವರಿದ್ದರೆ ಹುಷಾರು. ಆ ಭಾರೀ ಏಟಿಗೆ ಮಂಜು ಒಡೆದುಹೋಗುತ್ತದೆ, ಫ್ರೀಜ್‌ನ ಕ್ರಿಟ್ ಕೂಡ ಅದರ ಜೊತೆಗೇ ಹೋಗುತ್ತದೆ. ಪೈರೋ ಅಂದರೆ ಬೆಂಕಿಯ ಪಾತ್ರವೂ ಹಾಗೇ, ಕ್ರಯೋವನ್ನು ಕರಗಿಸಿಬಿಡುತ್ತದೆ.

ನಾಲ್ಕನೇ ಹೆಜ್ಜೆ: ರೆಸಿಸ್ಟೆನ್ಸ್ ಇಳಿಸುವ ಡಿಬಫ್

ಕ್ರಿಟ್ ತನ್ನ ಮಿತಿ ಮುಟ್ಟಿದ ಮೇಲೆ ಮುಂದಿನ ಲಾಭ ಎಲ್ಲಿದೆ? ಬಹುಪಾಲು ಸಲ ಏಟು ತಡೆಯುವ ಶಕ್ತಿಯಲ್ಲಿ, ಅಂದರೆ ಶತ್ರುವಿನ ರೆಸಿಸ್ಟೆನ್ಸ್‌ನಲ್ಲಿ. ಇದು ಕ್ರಿಟ್ ಜೊತೆ ಕೂಡುವುದಿಲ್ಲ, ಗುಣಿಸುತ್ತದೆ. ಅದಕ್ಕೇ ಇಷ್ಟು ಬೆಲೆ.

ಹೆಚ್ಚಿನ ಸಾಮಾನ್ಯ ಶತ್ರುಗಳಿಗೆ ರೆಸಿಸ್ಟೆನ್ಸ್ ಶೇ 10. ಅಂದರೆ ನಿಮ್ಮ ಏಟಿನಲ್ಲಿ 0.9 ಭಾಗ ಒಳಗೆ ಹೋಗುತ್ತದೆ. ಅನೆಮೋ ಅಂದರೆ ಗಾಳಿಯ ಪಾತ್ರವೊಂದು ವಿರಿಡೆಸೆಂಟ್ ವೆನರರ್ ಸೆಟ್‌ನ ನಾಲ್ಕು ತುಂಡು ಹಾಕಿಕೊಂಡು ಕ್ರಯೋವನ್ನು ಸ್ವರ್ಲ್ ಮಾಡಿದರೆ (ಗಾಳಿಯಿಂದ ಹರಡಿದರೆ) ಕ್ರಯೋ ರೆಸಿಸ್ಟೆನ್ಸ್ 10 ಸೆಕೆಂಡ್ ಕಾಲ 40 ಇಳಿಯುತ್ತದೆ. ಹತ್ತರಿಂದ ನಲವತ್ತು ಕಳೆದರೆ ಮೈನಸ್ 30. ಇಲ್ಲಿ ಒಂದು ನಿಯಮ ಗಮನಿಸಿ: ಸೊನ್ನೆಗಿಂತ ಕೆಳಗೆ ಇಳಿದ ಭಾಗಕ್ಕೆ ಅರ್ಧ ಬೆಲೆ ಮಾತ್ರ. ಮೈನಸ್ 30 ಅಂದರೆ ಶೇ 15 ಲಾಭ, ಒಟ್ಟು 1.15. ಆದರೂ 0.9ರಿಂದ 1.15ಕ್ಕೆ ಏರಿದ್ದು ಸುಮಾರು ಶೇ 28 ಹೆಚ್ಚಳ, ಕಡಿಮೆಯೇನಲ್ಲ ಅಲ್ವಾ?

ಅದರ ಮೇಲೆ ಜೋಂಗ್ಲಿ ಎಂಬ ಪಾತ್ರದ ಶೀಲ್ಡ್ ಹಾಕಿದರೆ ಇನ್ನೂ 20 ಇಳಿಯುತ್ತದೆ. ಮೈನಸ್ 50, ಅಂದರೆ 1.25. ಈ ಸಲ ಸಿಕ್ಕಿದ್ದು ಶೇ 9ರೊಳಗೆ. ಶೀಲ್ಡ್ ಬೇಕು ಅನ್ನಿಸಿದರೆ ತೆಗೆದುಕೊಳ್ಳಿ, ಬರೀ ಡ್ಯಾಮೇಜ್‌ಗಾಗಿ ಟೀಮ್‌ನ ಒಂದು ಜಾಗ ಇದಕ್ಕೆ ಕೊಡಬೇಡಿ.

ರೆಸಿಸ್ಟೆನ್ಸ್ ಜಾಸ್ತಿ ಇರುವ ಶತ್ರುವಿನ ಮೇಲೆ ಇದೇ ಡಿಬಫ್ ಬೇರೆಯದೇ ಬಲ ತೋರಿಸುತ್ತದೆ. ರುಯಿನ್ ಗಾರ್ಡ್ ಎಂಬ ಯಂತ್ರದ ಫಿಸಿಕಲ್ ರೆಸಿಸ್ಟೆನ್ಸ್ ಶೇ 70. ಕತ್ತಿಯ ಮಾಮೂಲಿ ಏಟು 0.3 ಭಾಗ ಮಾತ್ರ ತಾಗುತ್ತದೆ. ಕ್ರಯೋ ಮತ್ತು ಎಲೆಕ್ಟ್ರೋ (ವಿದ್ಯುತ್) ಸೇರಿಸಿ ಸೂಪರ್‌ಕಂಡಕ್ಟ್ ಮಾಡಿದರೆ 12 ಸೆಕೆಂಡ್ ಕಾಲ ಫಿಸಿಕಲ್ ರೆಸಿಸ್ಟೆನ್ಸ್ 40 ಇಳಿದು 30 ಆಗುತ್ತದೆ, ಏಟು 0.7 ಭಾಗ ತಾಗುತ್ತದೆ. ಎರಡು ಪಟ್ಟಿಗಿಂತ ಜಾಸ್ತಿ! ಎಷ್ಟೇ ಕ್ರಿಟ್ ಡ್ಯಾಮೇಜ್ ಕೂಡಿಹಾಕಿದರೂ ಇಷ್ಟು ಸುಲಭವಾಗಿ ಈ ಏರಿಕೆ ಸಿಗುವುದಿಲ್ಲ.

ಸ್ವರ್ಲ್ ಮಾಡುವಾಗ ಪರದೆಯ ಮೇಲೆ ಹಾರುವ ಸಂಖ್ಯೆಯ ಬಣ್ಣ ನೋಡಿ. ಶತ್ರುವಿನ ಮೈಮೇಲೆ ಹೈಡ್ರೋ (ನೀರು) ಇದ್ದಾಗ ಗಾಳಿ ಹೊಡೆದರೆ ಇಳಿಯುವುದು ಹೈಡ್ರೋ ರೆಸಿಸ್ಟೆನ್ಸ್, ಕ್ರಯೋ ಹಾಗೇ ಇರುತ್ತದೆ, ಆಮೇಲೆ ಅಯಾಕಾ ಬಂದು ಹೊಡೆದರೆ ಅವಳಿಗೆ ಏನೂ ಸಿಗುವುದಿಲ್ಲ. ಇಬ್ಬರು ಅನೆಮೋ ಪಾತ್ರಗಳಿಗೆ ಒಂದೇ ಸೆಟ್ ಹಾಕಿದರೂ ಒಂದೇ ಅಂಶದ ಮೇಲೆ 80 ಇಳಿಯುವುದಿಲ್ಲ. ಒಂದು ಹೆಸರಿನ ಡಿಬಫ್ ಒಂದೇ ಸಲ ಲೆಕ್ಕ.

ಡಿಫೆನ್ಸ್ ಬಗ್ಗೆ ಚಿಕ್ಕದಾಗಿ

ನೀವು ಲೆವೆಲ್ 90, ಶತ್ರುವೂ ಲೆವೆಲ್ 90 ಆದರೆ ಡಿಫೆನ್ಸ್ ನಿಮ್ಮ ಏಟನ್ನು ಅರ್ಧಕ್ಕೆ ಇಳಿಸುತ್ತದೆ. ಲೀಸಾ ಎಂಬ ಪಾತ್ರದ ಒಂದು ಗುಣ ಶತ್ರುವಿನ ಡಿಫೆನ್ಸ್ ಅನ್ನು ಶೇ 15 ಕಡಿಮೆ ಮಾಡುತ್ತದೆ, ಅದರಿಂದ ಡ್ಯಾಮೇಜ್ ಏರುವುದು ಶೇ 8ರ ಆಸುಪಾಸು. ಡಿಬಫ್‌ನ ಮೇಲೆ ಬರೆದಿರುವ ಅಂಕಿಯೇ ನಿಮಗೆ ಸಿಗುವ ಲಾಭ ಅಂದುಕೊಳ್ಳಬೇಡಿ. ಡಿಫೆನ್ಸ್ ಇಳಿಸಲೂ ಶೇ 90ರ ಮಿತಿ ಇದೆ, ಆದರೆ ಸಾಮಾನ್ಯ ಟೀಮ್‌ಗಳು ಅದರ ಹತ್ತಿರವೂ ಹೋಗುವುದಿಲ್ಲ.

ಐದನೇ ಹೆಜ್ಜೆ: ಯಾವುದು ಮೊದಲು, ಯಾವುದು ಆಮೇಲೆ

ಲೆಕ್ಕ ಸರಿ ಇದ್ದು ಸರದಿ ತಪ್ಪಿದರೆ ಪ್ರಯೋಜನವಿಲ್ಲ. ಶತ್ರುವಿನ ರೆಸಿಸ್ಟೆನ್ಸ್ ಎಷ್ಟು ಎಂದು ಆಟ ನೋಡುವುದು ಏಟು ತಾಗುವ ಗಳಿಗೆಯಲ್ಲಿ. ನಿಮ್ಮ ದೊಡ್ಡ ದಾಳಿಯಾದ ಬರ್ಸ್ಟ್ ಐದು ಸೆಕೆಂಡ್ ನಡೆಯುತ್ತದೆ, ಡಿಬಫ್ ಎರಡನೇ ಸೆಕೆಂಡಿಗೆ ಮುಗಿಯುತ್ತದೆ ಅಂದರೆ ಕೊನೆಯ ಮೂರು ಸೆಕೆಂಡ್ ಬರೀ ಏಟು. ಹಾಗಾಗಿ ಮೊದಲು ಹೈಡ್ರೋ ಹಚ್ಚಿ, ಎರಡನೇ ಕ್ರಯೋ ಪಾತ್ರದಿಂದ ಫ್ರೀಜ್ ಮಾಡಿ, ಆಮೇಲೆ ಅನೆಮೋದಿಂದ ಸ್ವರ್ಲ್ ಮಾಡಿ, ತಡಮಾಡದೆ ಅಯಾಕಾಳಿಗೆ ಬದಲಾಯಿಸಿ. ಮೊದಲ ಕ್ರಯೋ ಏಟನ್ನು ಅಯಾಕಾಳ ಕೈಯಲ್ಲೇ ಹೊಡೆಸಬೇಡಿ, ಆ ಏಟು ತಾಗುವಾಗ ಶತ್ರುವಿನ ಮೈಮೇಲೆ ಇನ್ನೂ ಕ್ರಯೋ ಇರುವುದಿಲ್ಲ.

ಬೇರೆ ಆಟಗಳಲ್ಲಿ ಮಿತಿ ಬೇರೆ ಕಡೆ ಇರುತ್ತದೆ

ಗೆನ್‌ಶಿನ್‌ನ ಸೂತ್ರವನ್ನು ಹಾಗೇ ತೆಗೆದುಕೊಂಡು ಬೇರೆ ಆಟಕ್ಕೆ ಹಾಕಿದರೆ ಕೆಲಸ ಕೆಡುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್‌ನಲ್ಲಿ ಕತ್ತಿಯ ಮಾಮೂಲಿ ಏಟಿಗೆ ಒಂದೇ ಸಲ ದಾಳ ಬೀಳುತ್ತದೆ. ತಪ್ಪಿಹೋಗುವುದು, ಶತ್ರು ತಪ್ಪಿಸಿಕೊಳ್ಳುವುದು, ಗ್ಲಾನ್ಸಿಂಗ್ ಅಂದರೆ ಸವರಿಕೊಂಡು ಹೋಗುವುದು, ಕ್ರಿಟ್, ಎಲ್ಲವೂ ಒಂದೇ ನೂರರಲ್ಲಿ ಪಾಲು ಹಂಚಿಕೊಳ್ಳಬೇಕು. ಲೆವೆಲ್ 60ರ ಯೋಧ ಲೆವೆಲ್ 63ರ ರೇಡ್ (ಹಲವರು ಸೇರಿ ಮಾಡುವ ಕಾಳಗ) ಬಾಸ್‌ಗೆ ಹೊಡೆದರೆ ಶೇ 40 ಗ್ಲಾನ್ಸಿಂಗ್‌ಗೇ ಹೋಗುತ್ತದೆ, ಅದು ಕ್ರಿಟ್ ಆಗುವುದಿಲ್ಲ. ಅಂದರೆ ಅಲ್ಲಿ ಕ್ರಿಟ್‌ನ ನಿಜವಾದ ಮಿತಿ 60ಕ್ಕಿಂತಲೂ ಕೆಳಗೆ.

ಡಿಬಫ್‌ಗೂ ಅಲ್ಲಿ, 2019ರಲ್ಲಿ ಕ್ಲಾಸಿಕ್ ಶುರುವಾದಾಗ, ಜಾಗದ ಕೊರತೆ ಇತ್ತು. ಒಬ್ಬ ಶತ್ರುವಿನ ಮೇಲೆ 16 ಡಿಬಫ್ ಮಾತ್ರ ನಿಲ್ಲುತ್ತಿದ್ದವು, ರೇಡ್‌ನಲ್ಲಿ ಇರುತ್ತಿದ್ದವರು 40 ಜನ. ಯೋಧರ ಸಂಡರ್ ಆರ್ಮರ್ ಐದು ಸಲ ಬಿದ್ದರೆ 2,250 ಆರ್ಮರ್ ಇಳಿಯುತ್ತದೆ, ಅದನ್ನು ಯಾರೂ ಬಿಟ್ಟುಕೊಡುತ್ತಿರಲಿಲ್ಲ. ವಿಂಟರ್ಸ್ ಚಿಲ್ ಎಂಬ ಡಿಬಫ್ ಪೂರ್ತಿ ಏರಿದರೆ ಫ್ರಾಸ್ಟ್ ಏಟುಗಳಿಗೆ ಶೇ 10 ಕ್ರಿಟ್ ಕೊಡುತ್ತದೆ, ಅದಕ್ಕೂ ಒಂದು ಜಾಗ ಬೇಕಿತ್ತು. ಇನ್ನೂ ಕಷ್ಟ ಏನೆಂದರೆ ಯೋಧರ ಡೀಪ್ ವೂಂಡ್ಸ್, ಮಂತ್ರವಾದಿ ಮೇಜ್‌ಗಳ ಇಗ್ನೈಟ್, ಇವೆರಡೂ ಕ್ರಿಟ್ ಆದಾಗಲೇ ಹುಟ್ಟುವ ಡಿಬಫ್‌ಗಳು. ಕ್ರಿಟ್ ಜಾಸ್ತಿ ಆದಷ್ಟೂ ಆ ಜಾಗಗಳು ತುಂಬಿಯೇ ಇರುತ್ತಿದ್ದವು. ಅದಕ್ಕೇ ಅಲ್ಲಿ ಯಾರು ಯಾವ ಡಿಬಫ್ ಹಾಕಬೇಕೆಂದು ರೇಡ್ ಶುರುವಾಗುವ ಮುಂಚೆಯೇ ಮಾತಾಡಿಕೊಳ್ಳಬೇಕಿತ್ತು.

ಜಪಾನಿನ ಗ್ರಾನ್‌ಬ್ಲೂ ಫ್ಯಾಂಟಸಿಯಲ್ಲಿ ಏಟಿನ ಮೇಲೇ ಮಿತಿ. ಡ್ಯಾಮೇಜ್ ಒಂದು ಮಟ್ಟ ದಾಟಿದರೆ ಆಮೇಲೆ ಏರುವುದು ತೀರಾ ಕಡಿಮೆ. ಸಾಮಾನ್ಯವಾಗಿ ಶತ್ರುವಿನ ಡಿಫೆನ್ಸ್ ಅನ್ನು ಶೇ 50ರವರೆಗೆ ಇಳಿಸಬಹುದು, ಆಗ ಏಟು ಎರಡರಷ್ಟಾಗುತ್ತದೆ. ಡಿಬಫ್ ಒಂದೇ ನಿಮ್ಮನ್ನು ಆ ಮಟ್ಟಕ್ಕೆ ಮುಟ್ಟಿಸುವುದಾದರೆ ಕ್ರಿಟ್‌ಗಾಗಿ ಇಟ್ಟ ಆಯುಧ ತೆಗೆದು, ಮಿತಿಯನ್ನೇ ಏರಿಸುವ ಆಯುಧ ಹಾಕಿ.

ಕೊನೆಯ ಹೆಜ್ಜೆ: ನೀವೇ ಪರೀಕ್ಷಿಸಿ

ಮತ್ತೆ ಗೆನ್‌ಶಿನ್‌ಗೆ ಬರೋಣ. ಒಂದೇ ಶತ್ರು, ಒಂದೇ ಸ್ಕಿಲ್, ಟೀಮ್ ಬದಲಾಯಿಸಬೇಡಿ. ಮೊದಲು ಡಿಬಫ್ ಇಲ್ಲದೆ ಹೊಡೆದು, ಕ್ರಿಟ್ ಆಗದ ಏಟಿನ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಸ್ವರ್ಲ್ ಮಾಡಿ ಹೊಡೆದು, ಮತ್ತೆ ಕ್ರಿಟ್ ಆಗದ ಏಟನ್ನೇ ಬರೆದುಕೊಳ್ಳಿ. ಕ್ರಿಟ್ ಆದದ್ದನ್ನು ಆಗದ್ದರ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಟೀಮ್‌ನಲ್ಲಿ ಬೇರೆಯವರ ದಾಳಿ ಏರಿಸುವ ಪಾತ್ರವಿದ್ದರೆ ಎರಡೂ ಸಲ ಆ ಬಫ್ ಇರಲಿ, ಇಲ್ಲವೇ ಎರಡೂ ಸಲ ಬೇಡ. ಮೊದಲ ಏಟು 9,000 ಇದ್ದು ಎರಡನೆಯದು 11,500ರ ಹತ್ತಿರ ಬಂದರೆ ಡಿಬಫ್ ಸರಿಯಾಗಿ ಕೂತಿದೆ. ಎರಡೂ 9,000 ಆಗಿಯೇ ಇದ್ದರೆ ಸ್ವರ್ಲ್ ಆದದ್ದು ಯಾವ ಅಂಶ ಎಂದು ನೋಡಿ, ಸೆಟ್‌ನ ನಾಲ್ಕು ತುಂಡೂ ಅನೆಮೋ ಪಾತ್ರದ ಮೈಮೇಲಿವೆಯೇ ನೋಡಿ, ಹತ್ತು ಸೆಕೆಂಡ್ ಕಳೆದುಹೋಯಿತೇ ನೋಡಿ. ಬಹುಪಾಲು ಸಲ ಈ ಮೂರರಲ್ಲಿ ಒಂದು ತಪ್ಪಿರುತ್ತದೆ.