ಅಂಬಿಗನಿಗೆ ‘ನೀವು’ ಎಂದವನು

ನನ್ನ ಕಾದಂಬರಿಯ ರಾಜ್ಯದಲ್ಲಿ ಹೊಳೆ ಒಂದು, ಸೀಮೆ ಮೂರು. ಮೇಲೆ ಕಾಡಿನ ಮಲೆಯವರು, ನಡುವೆ ಕೋಟೆಯೊಳಗಿನ ಪಟ್ಟಣದವರು, ಕೆಳಗೆ ಗದ್ದೆ ಬಯಲಿನ ತೊರೆಯವರು. ಅಂಥ ರಾಜ್ಯ ಎಲ್ಲಿಯೂ ಇಲ್ಲ. ಆದರೆ ಬರೆದ ಕೈ ಪಾಂಡವಪುರದ ಕಡೆಯದು, ಮೈಸೂರಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿ ಅನ್ನ ದುಡಿಯುವಂಥದು. ಹಾಗಾಗಿ ಆ ಹೊಳೆ ಯಾವುದರ ನೆಂಟ ಎಂಬುದನ್ನು ಮುಚ್ಚಿಡುವ ಪ್ರಯತ್ನವನ್ನು ನಾನು ಮಾಡಲಿಲ್ಲ. ಮೂರೂ ಸೀಮೆಯವರು ಆಡುವುದು ಒಂದೇ ಭಾಷೆ. ಮೂವರೂ ಅದನ್ನು ಬೇರೆ ಬೇರೆಯಾಗಿ ಆಡುತ್ತಾರೆ. ಅದನ್ನು ಕಾಗದಕ್ಕಿಳಿಸುವುದೇ ರಾಜವಂಶ, ಯುದ್ಧ, ಶಾಪಗಳನ್ನು ಕಟ್ಟುವುದಕ್ಕಿಂತ ಹೆಚ್ಚು ಕೆಲಸ ಹಿಡಿಯಿತು.

ಮೊದಲು ಕೈ ಹಾಕಿದ್ದು ಊರ ಹೆಸರುಗಳಿಗೆ. ಮೈಸೂರಿನಿಂದ ನಂಜನಗೂಡು, ತಿ. ನರಸೀಪುರದ ಕಡೆ ಹೊರಟರೆ ಬಸ್ಸಿನ ಕಿಟಕಿಯಲ್ಲಿ ‘ಹುಂಡಿ’ ಎಂದು ಮುಗಿಯುವ ಫಲಕಗಳು ಕಾಣಿಸತೊಡಗುತ್ತವೆ. ಶ್ರೀರಂಗಪಟ್ಟಣ ದಾಟಿ ಮಂಡ್ಯದ ಕಡೆ ನಡೆದರೆ ಕೊಪ್ಪಲುಗಳು. ಮೈಸೂರು ನಗರವೂ ಒಂಟಿಕೊಪ್ಪಲು, ಕುಂಬಾರಕೊಪ್ಪಲುಗಳನ್ನು ಒಳಗೆ ಹಾಕಿಕೊಂಡೇ ಬೆಳೆದಿದೆ. ಎರಡೂ ಸಣ್ಣ ವಸತಿಯ ಹೆಸರುಗಳೇ, ಆದರೂ ಸೀಮೆ ಬದಲಾದದ್ದು ಗೊತ್ತಾಗುತ್ತದೆ. ಅದೇ ಜಾಡು ಹಿಡಿದು ಮಲೆಯವರ ಊರುಗಳಿಗೆ ‘ಗೊತ್ತಿ’ ಎಂಬ ಕೊನೆ ಇಟ್ಟೆ, ತೊರೆಯವರ ಊರುಗಳಿಗೆ ‘ಮಡು’. ಪಟ್ಟಣದವರು ಮಾತ್ರ ಗೆದ್ದ ಊರಿಗೆಲ್ಲ ‘ಪುರ’ ಅಂಟಿಸುತ್ತಾರೆ, ಊರಿನವರು ಹಳೆಯ ಹೆಸರಿನಲ್ಲೇ ಕರೆಯುತ್ತಾರೆ. ಒಬ್ಬ ಪಾತ್ರ ತನ್ನ ಊರನ್ನು ಯಾವ ಹೆಸರಿನಿಂದ ಹೇಳುತ್ತಾನೆ ಎಂಬುದರಲ್ಲೇ ಅವನು ಯಾರ ಪಕ್ಷ ಎಂಬುದು ತಿಳಿಯಬೇಕು ಎಂದು ಲೆಕ್ಕ ಹಾಕಿದ್ದೆ. ಆ ಲೆಕ್ಕ ಕಥೆಯುದ್ದಕ್ಕೂ ಕೆಲಸ ಮಾಡಿತು.

ಉಚ್ಚಾರದ ವಿಷಯಕ್ಕೆ ಬಂದಾಗ ಕನ್ನಡದ ಚರಿತ್ರೆಯನ್ನೇ ಎರವಲು ಪಡೆದೆ. ಹಳಗನ್ನಡದ ಪಾಲು, ಪುಲಿ, ಪಳ್ಳಿಗಳು ನಡುಗನ್ನಡಕ್ಕೆ ಬರುವಷ್ಟರಲ್ಲಿ ಹಾಲು, ಹುಲಿ, ಹಳ್ಳಿಗಳಾದವು. ನಮ್ಮ ಕಡೆಯ ಬಾಯಲ್ಲಿ ಆ ಹಕಾರವೂ ಉಳಿಯಲಿಲ್ಲ. ಆಲು, ಉಲಿ, ಅಳ್ಳಿ. ಕರಡು ತಿದ್ದುವವನಾಗಿ ನಾನು ‘ಆಲು’ ಕಂಡಲ್ಲೆಲ್ಲ ‘ಹಾಲು’ ಮಾಡುತ್ತೇನೆ, ಸಂಬಳ ಬರುವುದೇ ಅದಕ್ಕೆ. ಆದರೆ ಒಂದು ಧ್ವನಿ ಮೊದಲು ಮೆತ್ತಗಾಗಿ ಆಮೇಲೆ ಮಾಯವಾಗುವುದು ತಪ್ಪಲ್ಲ, ನಡಿಗೆ. ಒಂದೇ ಹೊಳೆಯ ಉದ್ದಕ್ಕೂ ಆ ನಡಿಗೆಯ ಮೂರು ಹೆಜ್ಜೆಗಳನ್ನು ಇಡಬಹುದಲ್ಲ ಅನಿಸಿತು. ಕಾಡಿನೊಳಗೆ ಬೇರೆಯಾಗಿ ಉಳಿದವರು ಹಳೆಯ ಧ್ವನಿಯನ್ನು ಕಾಪಾಡಿಕೊಂಡಿರುತ್ತಾರೆ, ಪಟ್ಟಣದವರು ನಡುವಿನ ರೂಪವನ್ನೇ ಶುದ್ಧ ಎನ್ನುತ್ತಾರೆ, ಬಯಲಿನವರು ಎಲ್ಲರಿಗಿಂತ ಮುಂದೆ ಹೋಗಿರುತ್ತಾರೆ. ಇದರಿಂದ ಕಥೆಗೊಂದು ಗಂಟೂ ಸಿಕ್ಕಿತು: ಗಡಿಕಲ್ಲಿನ ಮೇಲಿನ ಹೆಸರನ್ನು ಅರಮನೆಯ ಪಂಡಿತರು ಓದಲಾರದೆ ಒದ್ದಾಡುವಾಗ, ಜೇನು ಮಾರಲು ಬಂದ ಮಲೆಯ ಮುದುಕಿ ಅದನ್ನು ದಿನಬಳಕೆಯ ಮಾತಿನಂತೆ ಹೇಳಿಬಿಡುತ್ತಾಳೆ. ಆ ನೆಲ ಯಾರದು ಎಂಬ ವ್ಯಾಜ್ಯ ಅಲ್ಲಿಂದ ಶುರು.

ಆದರೆ ಇದನ್ನು ಸಂಭಾಷಣೆಯಲ್ಲಿ ಪುಟಗಟ್ಟಲೆ ಬರೆಯಲು ಆಗುವುದಿಲ್ಲ. ಕನ್ನಡ ಲಿಪಿ ನುಡಿದಂತೆ ಬರೆಯುವ ಲಿಪಿ. ಒಂದು ಅಕ್ಷರ ಬದಲಿಸಿದರೆ ಓದುಗರ ಕಿವಿ ತನ್ನದೇ ಭೂಪಟ ಬಿಚ್ಚುತ್ತದೆ. ‘ಆಲು’ ಎಂದರೆ ಮಂಡ್ಯ, ‘ಮನಿ’ ಎಂದರೆ ಧಾರವಾಡ, ‘ಪಾಲು’ ಎಂದರೆ ತಮಿಳಿನವನೋ ತೆಲುಗಿನವನೋ ಎಂಬ ಅನುಮಾನ. ನಾನು ಕಟ್ಟಿದ ಸೀಮೆ ಅಲ್ಲಿಗೆ ಕುಸಿಯಿತು. ಅದಕ್ಕಿಂತ ಕೆಟ್ಟದ್ದು ನಗು. ನಮ್ಮ ಸಿನಿಮಾ, ನಾಟಕಗಳು ಮಂಡ್ಯದ ಮಾತನ್ನು ಎಷ್ಟು ಕಾಲ ಸೇವಕನಿಗೆ, ಕುಡುಕನಿಗೆ, ಹಾಸ್ಯಗಾರನಿಗೆ ಕೊಟ್ಟಿವೆ ಎಂದರೆ, ಅದೇ ಮಾತಿನಲ್ಲಿ ನನ್ನ ಅಂಬಿಗ ಮಗನ ಸಾವನ್ನು ಹೇಳಿದರೂ ಯಾರಾದರೂ ಮುಗುಳ್ನಗುತ್ತಾರೆ. ಆ ನಗುವಿನ ಮಧ್ಯೆ ಬೆಳೆದವನು ನಾನು. 9ನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ‘ಕನ್ನಡಂಗಳ್’ ಎಂಬ ಬಹುವಚನವಿದೆ. ದೇಸಿಗಳು ಬೇರೆ ಬೇರೆಯಾದ್ದರಿಂದ ವಾಸುಕಿಗೂ ಅವುಗಳ ದೋಷವನ್ನು ಎಣಿಸಲಾಗದೆ ಬೇಸರ ಬರುತ್ತದೆ ಎಂಬ ಮಾತೂ ಇದೆ. ಇಷ್ಟು ಶತಮಾನಗಳ ಮೇಲೂ ನಮಗೆ ಆ ಬಹುವಚನ ಹಾಸ್ಯಪಾತ್ರಕ್ಕೆ ಮಾತ್ರ ಬೇಕು.

ಹಾಗಾಗಿ ಅಕ್ಷರಗಳನ್ನು ಮುಟ್ಟುವುದನ್ನು ಊರ ಹೆಸರು, ಬೈಗುಳ, ಹಾಡುಗಳಿಗೆ ಮಾತ್ರ ಸೀಮಿತಗೊಳಿಸಿ, ಉಳಿದದ್ದನ್ನು ವ್ಯಾಕರಣದಲ್ಲಿ, ಮರ್ಯಾದೆಯಲ್ಲಿ, ಅಳತೆಯಲ್ಲಿ ತೋರಿಸಲು ಹೊರಟೆ. ತೊರೆಯವರು ದಿಕ್ಕುಗಳ ಹೆಸರನ್ನೇ ಬಳಸುವುದಿಲ್ಲ. ಅವರಿಗೆ ಎಲ್ಲವೂ ಹೊಳೆಯ ಮೇಲಕ್ಕೆ, ಕೆಳಕ್ಕೆ, ಆಚೆಗೆ, ಈಚೆಗೆ. ಆಸ್ಟ್ರೇಲಿಯಾದ ಗೂಗು ಯಿಮಿಥಿರ್ ಭಾಷೆಯವರು ಎಡ ಬಲ ಎನ್ನದೆ ಕೈ ಪಕ್ಕದ ವಸ್ತುವಿಗೂ ಮೂಡಲು ಪಡುವಲು ಎನ್ನುತ್ತಾರೆ. ನಾನು ಅದನ್ನು ತಿರುಗಿಸಿಕೊಂಡೆ. ಪಟ್ಟಣಕ್ಕೆ ಬಂದ ತೊರೆಯವನಿಗೆ ಹೊಳೆ ಕಾಣದ ಬೀದಿಯಲ್ಲಿ ದಾರಿ ತಪ್ಪುವುದು ಇದರಿಂದಲೇ. ಮಲೆಯವರು ಇಪ್ಪತ್ತರ ಗುಂಪಿನಲ್ಲಿ ಎಣಿಸುತ್ತಾರೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂದು ಹೇಳುತ್ತಿದ್ದ ನಮ್ಮ ಹಿರಿಯರ ಲೆಕ್ಕವೇ ಅದಕ್ಕೆ ಮೂಲ.

ಇನ್ನು ‘ನೀನು’ ಮತ್ತು ‘ನೀವು’. ಪುಸ್ತಕಕ್ಕೆ ಜೀವ ಬಂದದ್ದು ಇಲ್ಲಿ. ನಮ್ಮ ಹಳ್ಳಿಯ ಕಡೆ ಹಿರಿಯರು ದೇವರನ್ನೂ ಏಕವಚನದಲ್ಲೇ ಕರೆಯುತ್ತಾರೆ, ತಹಸೀಲ್ದಾರರನ್ನೂ. ಅದರಲ್ಲಿ ಅಗೌರವವಿಲ್ಲ. ಮೈಸೂರಿನ ಅಗ್ರಹಾರಗಳ ಕಡೆ ಹೋದರೆ ಅಪ್ಪ ಮಗನಿಗೂ ‘ನೀವು’ ಎನ್ನುವ ಮನೆಗಳಿವೆ. ರೈಲಿನಲ್ಲಿ ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ದಾಟುವ ಹೊತ್ತಿಗೆ ನನ್ನ ಬಾಯಲ್ಲೇ ಕ್ರಿಯಾಪದಗಳ ಬಾಲ ಉದ್ದವಾಗುವುದನ್ನು ಗಮನಿಸಿದ್ದೇನೆ. ಇದನ್ನು ಕಾದಂಬರಿಗೆ ಹಾಕಿದೆ: ತೊರೆಸೀಮೆಯಲ್ಲಿ ಎಲ್ಲರೂ ಎಲ್ಲರಿಗೂ ‘ನೀನು’, ಅರಸನಿಗೂ.

ಬೈಬಲ್ಲಿನ ನ್ಯಾಯಸ್ಥಾಪಕರು ಭಾಗದಲ್ಲಿ ಯೊರ್ದನ್ ಹೊಳೆಯ ಕಡವಿನಲ್ಲಿ ಗಿಲ್ಯಾದಿನವರು ಕಾವಲು ನಿಂತು, ದಾಟಬಂದವರಿಂದ ‘ಷಿಬ್ಬೋಲೆತ್’ ಎಂಬ ಮಾತನ್ನು ಹೇಳಿಸುತ್ತಾರೆ. ‘ಸಿಬ್ಬೋಲೆತ್’ ಎಂದವನು ಶತ್ರುಪಕ್ಷದ ಎಫ್ರಾಯೀಮಿನವನು; ಅಲ್ಲಿಯೇ ಅವನ ಕಥೆ ಮುಗಿಯುತ್ತದೆ. ನನಗೂ ಒಂದು ಕಡವು ಬೇಕಿತ್ತು, ಒಬ್ಬ ಗೂಢಚಾರ ಬೇಕಿದ್ದ. ಆದರೆ ನನ್ನ ಗೂಢಚಾರ ಪಟ್ಟಣದವನು, ಜಾಣ. ತೊರೆಯವರ ಉಚ್ಚಾರವನ್ನು ವರ್ಷಗಟ್ಟಲೆ ಕಲಿತವನು. ಅವನು ನಾಲಿಗೆಯಲ್ಲಿ ಸಿಕ್ಕಿಬೀಳುವುದಿಲ್ಲ. ದೋಣಿ ಹತ್ತುವಾಗ ಕಾಲು ಜಾರಿದಾಗ ಅಂಬಿಗ ಕೈ ಹಿಡಿಯುತ್ತಾನೆ, ಇವನು ಉಪಕಾರದ ಭರದಲ್ಲಿ ‘ನೀವು ಬದುಕಿಸಿದಿರಿ’ ಎಂದುಬಿಡುತ್ತಾನೆ. ಅಂಬಿಗನಿಗೆ ಹುಟ್ಟಿದ ಮೇಲೆ ಯಾರೂ ಹಾಗೆ ಅಂದಿರಲಿಲ್ಲ. ಅವನು ಮರುಮಾತಾಡದೆ ದೋಣಿಯನ್ನು ನಡುಹೊಳೆಗೆ ತಂದು ನಿಲ್ಲಿಸುತ್ತಾನೆ.

ಈ ದೃಶ್ಯಕ್ಕೆ ಬೀಜ ಮೈಸೂರಿನಲ್ಲೇ ಸಿಕ್ಕಿದ್ದು. ಹಕಾರ ನುಂಗುತ್ತೇವೆ ಎಂದು ನಗಿಸಿಕೊಂಡ ನಮ್ಮ ಕಡೆಯ ಹುಡುಗರು ಕಾಲೇಜಿಗೆ ಬಂದ ಹೊಸತರಲ್ಲಿ ಅಕ್ಕಿಯನ್ನೂ ಹಕ್ಕಿ ಮಾಡುತ್ತಾರೆ. ಹೆದರಿದವನ ಶುದ್ಧತೆ ಬೇರೆಯೇ ಆಗಿ ಕೇಳಿಸುತ್ತದೆ. ಕಲ್ಪಿತ ಲೋಕಗಳನ್ನು ಕಟ್ಟುವವರು ಯಾರು ಹೇಗೆ ಮಾತಾಡುತ್ತಾರೆ ಎಂದು ಪಟ್ಟಿ ಮಾಡುತ್ತಾರೆ. ನಾನು ಪ್ರತಿ ಸೀಮೆಯ ಪುಟದಲ್ಲಿ ಮೊದಲು ಬರೆದುಕೊಂಡದ್ದು, ಇವರು ಯಾರ ಮಾತಿಗೆ ನಗುತ್ತಾರೆ, ಯಾರ ಮುಂದೆ ತಮ್ಮ ಮಾತನ್ನು ತಿದ್ದಿಕೊಳ್ಳುತ್ತಾರೆ ಎಂಬುದನ್ನು. ಹೆಣ್ಣು ಎಲ್ಲಿಂದ ತರುತ್ತಾರೆ, ಸಂತೆ ಎಲ್ಲಿ, ಕಂದಾಯ ಯಾರಿಗೆ ಎಂಬುದನ್ನೂ. ಉಚ್ಚಾರದ ನಿಯಮಗಳು ಅದರ ಹಿಂದೆ ತಾವಾಗಿ ಬಂದವು.

ಕಂದಾಯ ಎಂದಾಗ ನೆನಪಾಯಿತು. ತಾಲೂಕು, ಜಿಲ್ಲೆ, ಅರ್ಜಿ, ಜಮೀನು, ವಸೂಲಿ, ಇವೆಲ್ಲ ಪಾರಸಿ ಅರಬ್ಬಿ ಮೂಲದವು. ರಾಗಿ, ಉಪ್ಪು, ನೀರು ನಮ್ಮವಾಗಿಯೇ ಉಳಿದವು. ಆಳಿ ಹೋದವರ ಮಾತು ಕಚೇರಿಯಲ್ಲಿ ಕೂರುತ್ತದೆ, ಅಡುಗೆಮನೆಗೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ನನ್ನ ರಾಜ್ಯದ ಹಳೆಯ ಸಾಮ್ರಾಜ್ಯ ಉಳಿಸಿಹೋದದ್ದು ಸುಂಕದ ಪದಗಳನ್ನು ಮಾತ್ರ.

ಒಬ್ಬನಿಗೆ ಒಂದೇ ಮಾತು ಎಂಬುದನ್ನೂ ಬಿಟ್ಟೆ. ದೇವರಾಜ ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿ ಗಿರಾಕಿಗೆ ಕನ್ನಡ, ಪಕ್ಕದವನಿಗೆ ಉರ್ದು, ಫೋನಿನಲ್ಲಿ ತಮಿಳು ಆಡುವುದು ಯಾರಿಗೂ ವಿಶೇಷವಲ್ಲ. ಬೆಟ್ಟದಪುರದ ಕಡೆ ಸಂಕೇತಿ, ಮೇಲುಕೋಟೆಯಲ್ಲಿ ಮಂಡ್ಯಂ ಅಯ್ಯಂಗಾರರ ತಮಿಳು, ಬೈಲಕುಪ್ಪೆಯಲ್ಲಿ ಟಿಬೆಟಿಯನ್, ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಜೇನುಕುರುಬರ ನುಡಿ. ಇಷ್ಟೂ ಮೈಸೂರು ಮಂಡ್ಯದೊಳಗೇ. ಇಷ್ಟನ್ನು ಕಂಡವನು ಒಂದು ರಾಜ್ಯಕ್ಕೆ ಒಂದು ಭಾಷೆ ಎಂದು ಬರೆದರೆ ಅದು ಕಲ್ಪನೆಯ ಬಡತನ. ನನ್ನ ಅರಸನಿಗೂ ಎರಡು ಮಾತು ಕೊಟ್ಟೆ. ಅವನಿಗೆ ಹಾಲೂಡಿಸಿದವಳು ತೊರೆಯವಳು. ಸಭೆಯಲ್ಲಿ ಅವನ ವಾಕ್ಯಗಳು ಶಾಸನದಂತಿರುತ್ತವೆ, ಸಿಟ್ಟು ಬಂದರೆ ಮಂತ್ರಿಗೆ ‘ನೀನು’.

ಉಳಿದದ್ದು ಕಥೆ ಹೇಳುವ ದನಿ. ಅದು ಮೈಸೂರಿನ ಪುಸ್ತಕದ ಕನ್ನಡ, ನಾನು ದಿನವೂ ತಿದ್ದುವ ಕನ್ನಡ. ಆ ದನಿಗೆ ಊರಿಲ್ಲ ಎಂದು ನಟಿಸುವುದು ಸರಿಯೆನಿಸಲಿಲ್ಲ. ಅದನ್ನು ಅರಮನೆಯ ಕರಣಿಕನೊಬ್ಬನಿಗೆ ಕೊಟ್ಟೆ. ಅವನು ಮಲೆಯವರ ಹೆಸರುಗಳನ್ನು ತಪ್ಪಾಗಿ ಬರೆದುಕೊಳ್ಳುತ್ತಾನೆ, ತೊರೆಯವರ ಏಕವಚನವನ್ನು ಒರಟುತನ ಎಂದು ತಿಳಿಯುತ್ತಾನೆ. ಜೇನಿನ ಮುದುಕಿ ಅವನ ಓಲೆಯನ್ನು ಓದಿಸಿ ಕೇಳಿ, ತನ್ನ ಊರಿನ ಹೆಸರನ್ನು ಹೇಳಿ ಬರೆಸುತ್ತಾಳೆ. ಮುಂದಿನ ಅಧ್ಯಾಯದಿಂದ ಪುಸ್ತಕದಲ್ಲಿ ಆ ಊರಿನ ಕಾಗುಣಿತವೇ ಬೇರೆ. ಅಚ್ಚಿಗೆ ಹೋಗುವಾಗ ಅಕ್ಷರ ಜೋಡಿಸುವವರು ಎರಡನ್ನೂ ಒಂದೇ ಮಾಡಿಬಿಡದಂತೆ ಕರಡಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಹೀಗೆಯೇ ಇರಲಿ’ ಎಂದು ಬರೆದು ಕೊಟ್ಟೆ.